ಮೊಗ್ಲಿಂಗ್ ಜಾಡಿನಲ್ಲಿ: ಮಂಗಳೂರಿನಿಂದ ಆನಂದಪುರಕ್ಕೆ

ಮಂಗಳವಾರ, ಹಳೆ ಬಂದರು

ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದಿಳಿದದ್ದು 1836ರ ಡಿಸೆಂಬರಿನಲ್ಲಿ. ಆಗ ಅವರಿಗೆ 25 ವರ್ಷ. ಈಗ ಆ ವಯಸ್ಸಿನ ಹುಡುಗರು ವಿದೇಶಕ್ಕೆ ಹೋದರೆ ವಿಮಾನ ಇಳಿದ ಕೂಡಲೇ ಮನೆಗೆ ವಿಡಿಯೋ ಕಾಲ್ ಮಾಡುತ್ತಾರೆ. ಮೊಗ್ಲಿಂಗ್ ಬರೆದ ಕಾಗದ ಊರು ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದವು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಯುರೋಪಿನಿಂದ ಇಲ್ಲಿಗೆ ಸಮುದ್ರದಲ್ಲೇ ಬರಬೇಕಾದರೆ ಹಡಗು ಇಡೀ ಆಫ್ರಿಕಾವನ್ನು ಸುತ್ತಿ ಬರಬೇಕಿತ್ತು.

ಮೊದಲ ಕನ್ನಡ ಪತ್ರಿಕೆ ತಂದವರು ಮೊಗ್ಲಿಂಗ್ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಅದು. ಆದರೆ ಊರು, ಮನೆ, ಭಾಷೆ ಎಲ್ಲ ಬಿಟ್ಟು ಬಂದ ಒಬ್ಬ ಯುವಕ ಇಲ್ಲಿ ದಿನ ಹೇಗೆ ಕಳೆದರು, ಯಾರ ಜೊತೆ ಉಂಡರು, ಯಾವುದಕ್ಕೆ ಸೋತರು? ಇದು ಬಹಳ ದಿನಗಳಿಂದ ನನ್ನನ್ನು ಕಾಡುತ್ತಿತ್ತು. ಅವರು ಬದುಕಿದ ಜಾಗಗಳನ್ನು ಕಾಲಲ್ಲೇ ಸುತ್ತಿ ನೋಡೋಣ ಅಂತ ಗೆಳೆಯನ ಜೊತೆ ಹೊರಟೆ.

ಬೆಳಿಗ್ಗೆ ಮೊದಲು ಹೋದದ್ದು ಧಕ್ಕೆಗೆ. ಮೀನಿನ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬೆಂಗ್ರೆ ಕಡೆಗೆ ಜನರನ್ನು ದಾಟಿಸುವ ದೋಣಿ ಹತ್ತಿ ಆಚೆ ದಡಕ್ಕೆ ಹೋದೆವು. ಅಲ್ಲಿಂದ ತಿರುಗಿ ನೋಡಿದರೆ ಊರು ಗುಡ್ಡದ ಮೇಲೆ ಮೇಲೆ ಏರಿಕೊಂಡು ಹೋದಂತೆ ಕಾಣುತ್ತದೆ. ಎಡಕ್ಕೆ ಗುರುಪುರ ಹೊಳೆ, ಬಲಕ್ಕೆ ನೇತ್ರಾವತಿ. ಎರಡೂ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಬಾಗಿಲಿನಲ್ಲಿ ಮರಳು ತುಂಬಿಕೊಳ್ಳುತ್ತದೆ. ಆ ಕಾಲದ ದೊಡ್ಡ ಹಡಗುಗಳು ಹೊರಗೇ ನಿಲ್ಲಬೇಕಿತ್ತು. ಜನ ಸಣ್ಣ ದೋಣಿಗಳಲ್ಲಿ ದಡ ಸೇರುತ್ತಿದ್ದರು.

ಮೊಗ್ಲಿಂಗ್ ಹುಟ್ಟಿದ್ದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ, 1811ರಲ್ಲಿ. ಓದಿದ್ದು ಟ್ಯೂಬಿಂಗನ್‌ನಲ್ಲಿ. ಅವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಶುರುವಾದ ಬಾಸೆಲ್ ಮಿಶನ್. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಬ್ರಿಟಿಷರಲ್ಲದ ಪಾದ್ರಿಗಳಿಗೆ ಬಾಗಿಲು ತೆರೆದದ್ದು 1833ರ ಕಾಯ್ದೆಯಿಂದ. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮಿಶನ್ನಿಗೆ ಸೇರುತ್ತಿದ್ದವರಲ್ಲಿ ರೈತರ, ಕುಶಲಕರ್ಮಿಗಳ ಮನೆಯ ಹುಡುಗರೇ ಜಾಸ್ತಿ. ಮೊಗ್ಲಿಂಗ್ ಹಾಗಲ್ಲ, ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದವರು. ಊರಲ್ಲೇ ಇದ್ದಿದ್ದರೆ ಒಂದು ಒಳ್ಳೆಯ ಚರ್ಚಿನ ಪಾದ್ರಿಯಾಗಿ ಆರಾಮಾಗಿ ಇರಬಹುದಿತ್ತು.

ಬುಧವಾರ, ಬಾವುಟಗುಡ್ಡೆ ಮತ್ತು ಬಲ್ಮಠ

ಬಾವುಟಗುಡ್ಡೆಯಲ್ಲಿ ಈಗ ಕೆದಂಬಾಡಿ ರಾಮಯ್ಯ ಗೌಡರ ದೊಡ್ಡ ಪ್ರತಿಮೆ ಇದೆ. ಮೊಗ್ಲಿಂಗರ ಕಥೆಗೆ ಇದೇನು ಸಂಬಂಧ ಅಂತ ಗೆಳೆಯ ಕೇಳಿದ. ಬಹಳ ಹತ್ತಿರದ ಸಂಬಂಧ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ರೈತರು ದಂಗೆ ಎದ್ದು ಬಂದು ಕಂಪನಿಯ ಬಾವುಟ ಇಳಿಸಿ ತಮ್ಮ ಬಾವುಟ ಏರಿಸಿದ್ದು ಇದೇ ಗುಡ್ಡದಲ್ಲಿ. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಓಡಿದರು. ಮೊಗ್ಲಿಂಗ್ ಈ ಊರಿಗೆ ಬಂದು ಆಗಿನ್ನೂ ಕೆಲವೇ ತಿಂಗಳು. ಕನ್ನಡ ಅಕ್ಷರ ತಿದ್ದುವ ಹೊತ್ತಿಗೇ, ಈ ನಾಡಿನ ಜನ ಪರದೇಶದ ಆಳ್ವಿಕೆಯನ್ನು ಹೇಗೆ ನೋಡುತ್ತಾರೆ ಅನ್ನುವುದೂ ಕಣ್ಣಿಗೆ ಬಿತ್ತು. ಬಿಳಿ ಮುಖ ಹೊತ್ತು ಪೇಟೆಯಲ್ಲಿ ನಿಂತು ಉಪದೇಶ ಮಾಡುವವನನ್ನು ಜನ ಸರ್ಕಾರದ ಮನುಷ್ಯ ಅಂತಲೇ ನೋಡಿರಬೇಕು, ಅಲ್ವಾ? ಆ ಗೋಡೆ ಒಡೆಯಲು ಅವರು ಹಿಡಿದ ದಾರಿ ಭಾಷೆ.

ಗುಡ್ಡದಿಂದ ಬಲ್ಮಠಕ್ಕೆ ನಡೆದೇ ಹೋಗಬಹುದು. ಬಿಸಿಲಿತ್ತು, ಆದರೂ ನಡೆದೆವು. ಶಾಂತಿ ಕೆಥೆಡ್ರಲ್, ಕರ್ನಾಟಕ ಥಿಯಲಾಜಿಕಲ್ ಕಾಲೇಜು ಎಲ್ಲ ಒಂದೇ ಸುತ್ತಿನಲ್ಲಿವೆ. ಮರಗಳ ನೆರಳು ಚೆನ್ನಾಗಿದೆ. ಪಾದ್ರಿಗಳ ತರಬೇತಿ ಶಾಲೆ 1840ರ ದಶಕದಲ್ಲಿ ಇಲ್ಲಿ ಬೇರೂರಿತು. ಅದನ್ನು ಕಟ್ಟಿದವರಲ್ಲಿ ಮೊಗ್ಲಿಂಗ್ ಮುಖ್ಯರು. ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲೇ ಪಾಠ ಆಗಬೇಕು ಅನ್ನುವುದು ಅವರ ಹಟ. ಕನ್ನಡದ ಹಳೆಯ ಕಾವ್ಯಗಳನ್ನು ಅವರು ಹುಡುಕಿಕೊಂಡು ಹೋಗಲು ಈ ಹಟವೂ ಒಂದು ಕಾರಣ.

ಆ ಕಾಲದ ಮಿಶನರಿ ಹುಡುಗನ ದಿನಚರಿ ಸುಲಭದ್ದಲ್ಲ. ಬೆಳಿಗ್ಗೆ ಮುನ್ಶಿಯ ಹತ್ತಿರ ಭಾಷೆ ಕಲಿಯಬೇಕು. ಆಮೇಲೆ ಶಾಲೆಯಲ್ಲಿ ಪಾಠ. ಸಂಜೆ ಪೇಟೆ, ಸಂತೆ, ಜಾತ್ರೆ ಅಂತ ಜನ ಸೇರುವ ಕಡೆ ಹೋಗಿ ಉಪದೇಶ. ರಾತ್ರಿ ದೀಪದ ಬೆಳಕಿನಲ್ಲಿ ಬಾಸೆಲ್ಲಿನ ಕಮಿಟಿಗೆ ವರದಿ ಬರೆಯಬೇಕು. ಮದುವೆಯಾಗಬೇಕಾದರೂ ಕಮಿಟಿಯ ಅನುಮತಿ ಬೇಕು. ಅದೂ ಬಂದ ಕೂಡಲೇ ಅಲ್ಲ, ಕೆಲಸ ಮಾಡಿ ತೋರಿಸಿದ ಮೇಲೆ. ಕನ್ನಡ ಕಲಿತರೂ ಮಂಗಳೂರಿನ ಪೇಟೆಗೆ ಅದೊಂದೇ ಸಾಲದು, ಇಲ್ಲಿ ಜನ ಮನೆಯಲ್ಲಿ ಆಡುವುದು ತುಳು ಮತ್ತು ಕೊಂಕಣಿ. ಗ್ರೈನರ್ ತುಳು ಹಿಡಿದರು, ಮೊಗ್ಲಿಂಗ್ ಕನ್ನಡ ಹಿಡಿದರು.

ಅವರು ಘಟ್ಟ ಹತ್ತಿ ಹುಬ್ಬಳ್ಳಿ, ಧಾರವಾಡದ ಕಡೆಗೂ ಹೋದರು. ಅಲ್ಲಿ ಮುಂದಾಗುವುದನ್ನು ಹೇಳುವ ಕಾಲಜ್ಞಾನದ ಪದಗಳನ್ನು ನಂಬಿದ ಜನರ ಗುಂಪುಗಳು ಮಿಶನರಿಗಳ ಬಳಿ ಬಂದವು. ಊರಿಗೂರೇ ಕ್ರೈಸ್ತವಾಗುತ್ತದೆ ಎಂಬ ದೊಡ್ಡ ಆಸೆ ಹುಟ್ಟಿತು. ಹಾಗೇನೂ ಆಗಲಿಲ್ಲ. ಗದಗದ ಹತ್ತಿರ ಮಲಸಮುದ್ರದಲ್ಲಿ ಬೇಸಾಯ ಮಾಡಿಕೊಂಡು ಬದುಕುವ ಒಂದು ನೆಲೆಯೂ ಶುರುವಾಯಿತು. ಸಂಬಳದ ಹಂಗಿಲ್ಲದೆ, ಇಲ್ಲಿನ ಜನರ ಹಾಗೆಯೇ ಉಂಡು, ಅವರ ಹಾಗೆಯೇ ಇರಬೇಕು ಎಂಬ ಕನಸು ಮೊಗ್ಲಿಂಗರದ್ದು. ಅದೂ ನಿಲ್ಲಲಿಲ್ಲ. ಈ ಸೋಲುಗಳನ್ನು ನಾನು ಸಣ್ಣದಾಗಿ ನೋಡುವುದಿಲ್ಲ. ಬಂಗಲೆಯ ವರಾಂಡದಲ್ಲಿ ಕೂತು ಹೊತ್ತು ಕಳೆಯುವ ಮನುಷ್ಯನಾಗಿದ್ದರೆ ಸೋಲುವ ಪ್ರಸಂಗವೇ ಬರುತ್ತಿರಲಿಲ್ಲ.

ಗುರುವಾರ, ಮತ್ತೆ ಬಲ್ಮಠ

ಈ ಇಡೀ ದಿನ ಹಳೆ ಕಾಗದಗಳಿಗೆ. ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಅಲ್ಲಿದ್ದವರು, "ನಿಧಾನ ನೋಡಿ ಮಾರಾಯ್ರೆ, ಗಡಿಬಿಡಿ ಮಾಡಿದ್ರೆ ಕಾಗದ ಹರೀತದೆ" ಅಂತ ಹೇಳಿ ಮೇಜಿನ ಮೇಲೆ ಒಂದೊಂದೇ ಇಟ್ಟರು.

ಮೊದಲು ನೋಡಿದ್ದು ಮಂಗಳೂರು ಸಮಾಚಾರದ ನಕಲು ಪ್ರತಿ. 1843ರ ಜುಲೈ 1ರಂದು ಮೊದಲ ಸಂಚಿಕೆ. ಆ ದಿನವನ್ನೇ ನಾವು ಈಗ ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಪತ್ರಿಕೆ. ಊರ ವರ್ತಮಾನ, ಸರ್ಕಾರದ ನಿರೂಪಗಳು, ಬೇರೆ ರಾಜ್ಯಗಳ ಸುದ್ದಿ, ಬುದ್ಧಿಮಾತು, ಕಥೆ, ದಾಸರ ಪದ ಎಲ್ಲ ಅದರಲ್ಲಿದ್ದವು. ಸಂಪಾದಕರಿಗೆ ಆಗ 32 ವರ್ಷ. ಧರ್ಮಪ್ರಚಾರಕ್ಕೆ ಬಂದವರು ದಾಸರ ಪದ ಅಚ್ಚು ಹಾಕಿದ್ದು ನೋಡಿ ಗೆಳೆಯನಿಗೆ ಆಶ್ಚರ್ಯ. ನನಗೆ ಇದರಲ್ಲೇ ಮೊಗ್ಲಿಂಗರ ಗುಣ ಕಾಣುತ್ತದೆ. ಓದುವವರ ನಾಲಿಗೆಯ ಮೇಲೆ ಆಗಲೇ ಇರುವುದನ್ನು ಬಿಟ್ಟು ಪತ್ರಿಕೆ ನಡೆಸಲು ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಅಕ್ಷರಗಳನ್ನು ನೋಡಬೇಕು ನೀವು. ಅಚ್ಚುಮೊಳೆಯ ಅಕ್ಷರಗಳಲ್ಲ, ಕೈಬರಹ. ಮಂಗಳೂರಿನ ಅಚ್ಚುಕೂಟ 1841ರಲ್ಲಿ ಶುರುವಾದದ್ದು ಕಲ್ಲಚ್ಚಿನಿಂದ. ಕಲ್ಲಚ್ಚಿನ ಯಂತ್ರ ಬಂದದ್ದು ಬೊಂಬಾಯಿಯಿಂದ. ಜಿಡ್ಡಿನ ಮಸಿಯಲ್ಲಿ ಕಾಗದದ ಮೇಲೆ ಬರೆಯುತ್ತಾರೆ. ಆ ಕಾಗದವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಒತ್ತಿದಾಗ ಬರಹ ತಿರುಗುಮುರುಗಾಗಿ ಕಲ್ಲಿಗೆ ಇಳಿಯುತ್ತದೆ. ಆಮೇಲೆ ಕಲ್ಲನ್ನು ನೀರಿನಲ್ಲಿ ಒದ್ದೆ ಮಾಡಿ ಮಸಿ ಉರುಳಿಸುತ್ತಾರೆ. ಒದ್ದೆಯಾದ ಕಡೆ ಮಸಿ ಹಿಡಿಯುವುದಿಲ್ಲ, ಜಿಡ್ಡಿರುವ ಅಕ್ಷರದ ಮೇಲೆ ಮಾತ್ರ ಹಿಡಿಯುತ್ತದೆ. ಅದರ ಮೇಲೆ ಕಾಗದ ಇಟ್ಟು ಒತ್ತಿದರೆ ಅಕ್ಷರ ಮತ್ತೆ ನೆಟ್ಟಗಾಗುತ್ತದೆ. ಕನ್ನಡಕ್ಕೆ ಇದು ಎಷ್ಟು ಅನುಕೂಲ ಅಂದರೆ, ಒತ್ತಕ್ಷರಕ್ಕೆ, ದೀರ್ಘಕ್ಕೆ ಬೇರೆ ಬೇರೆ ಮೊಳೆ ಎರಕ ಹೊಯ್ಯುವ ಗೋಳೇ ಇಲ್ಲ. ಚಂದದ ಕೈಬರಹದವರು ಒಬ್ಬರಿದ್ದರೆ ಸಾಕು. ಓಲೆಗರಿ, ಕಡತ ಓದಿ ಅಭ್ಯಾಸವಿದ್ದ ಕಣ್ಣಿಗೆ ಈ ಪುಟ ಹೊಸದಾಗಿಯೂ ಇತ್ತು, ಪರಿಚಿತವೂ ಆಗಿತ್ತು.

ಆದರೂ ಓದುಗರಿಗೆ ಮೊಳೆಯ ಅಚ್ಚೇ ಸ್ಪಷ್ಟ. ಅದು ಇದ್ದದ್ದು ಬಳ್ಳಾರಿಯಲ್ಲಿ. 1844ರ ಮಾರ್ಚ್‌ನಲ್ಲಿ ಪತ್ರಿಕೆ ಅಲ್ಲಿಗೆ ಹೋಗಿ ಕನ್ನಡ ಸಮಾಚಾರ ಆಯಿತು, ಕೆಲವೇ ಸಂಚಿಕೆಗಳ ನಂತರ ನಿಂತಿತು. ಒಂದು ವರ್ಷವೂ ಪೂರ್ತಿ ಬದುಕಲಿಲ್ಲ ನಮ್ಮ ಮೊದಲ ಪತ್ರಿಕೆ.

ಮಧ್ಯಾಹ್ನ ಹೊರಗೆ ಹೋಗಿ ಊಟ ಮುಗಿಸಿ ಮತ್ತೆ ಬಂದು ಕೂತೆವು. ಈಗ ಕೈಗೆ ಬಂದದ್ದು ನನ್ನ ಪ್ರಕಾರ ಮೊಗ್ಲಿಂಗರ ನಿಜವಾದ ದೊಡ್ಡ ಕೆಲಸ. 1848ರಿಂದ ಮುಂದಿನ ಐದಾರು ವರ್ಷ ಅವರು ಹಳೆಯ ಕನ್ನಡ ಕೃತಿಗಳನ್ನು ಮಾಲೆಯಾಗಿ ಕಲ್ಲಚ್ಚಿನಲ್ಲಿ ತಂದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ಗಾದೆಗಳು ಎಲ್ಲ ಆ ಮಾಲೆಯಲ್ಲಿವೆ. ದುಡ್ಡು ಕೊಟ್ಟವರು ಮದ್ರಾಸಿನ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್. ಜೊತೆಗೆ ಕೆಲಸಕ್ಕೆ ನಿಂತವರು ಮೊಗ್ಲಿಂಗರ ಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ. ಒಂದು ಯೋಚಿಸಿ ನೋಡಿ. ವೀರಶೈವರ ಪುರಾಣ, ಮಾಧ್ವ ದಾಸರ ಪದ, ಎರಡನ್ನೂ ಪಾಠಾಂತರ ಹೋಲಿಸಿ, ತಿದ್ದಿ, ಅಚ್ಚಿಗೆ ಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿ. ದಾಸರ ಪದಗಳನ್ನು ಮುಂದೆ ಜರ್ಮನ್ನಿಗೂ ಅನುವಾದ ಮಾಡಿದರು. ಈ ಕೆಲಸಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊಗ್ಲಿಂಗ್ ಬಂದದ್ದು ಜನರನ್ನು ಕ್ರೈಸ್ತರನ್ನಾಗಿ ಮಾಡಲು. ಅದನ್ನು ಅವರು ಎಲ್ಲಿಯೂ ಮುಚ್ಚಿಡಲಿಲ್ಲ. ಹಾಗಾಗಿ ನಾವೂ ಮುಚ್ಚಿಟ್ಟು ಬರೀ ಪತ್ರಿಕೆಯ ಮಾತಾಡುವುದು ಸರಿಯಲ್ಲ. ಅವರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ, ಇನ್ನಿಬ್ಬರ ಜೊತೆ 1844ರ ಜನವರಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ. ಪಟ್ಟಣದಲ್ಲಿ ದೊಡ್ಡ ಗಲಾಟೆಯಾಯಿತು. ಮನೆಯವರ ಪಾಲಿಗೆ ಮಗ ಇದ್ದೂ ಇಲ್ಲದಂತಾದ. ಹೆಂಡತಿ ಅವನ ಜೊತೆ ಬರಲಿಲ್ಲ. ಎರಡು ವರ್ಷದ ಮೇಲೆ ಮೊಗ್ಲಿಂಗ್ ಅವನನ್ನು ಬಾಸೆಲ್ಲಿಗೆ ಓದಲು ಕರೆದುಕೊಂಡು ಹೋದರು. 1851ರಲ್ಲಿ ಕೌಂಡಿನ್ಯರು ಪಾದ್ರಿಯಾಗಿ ತಿರುಗಿ ಬಂದು ಬಲ್ಮಠದಲ್ಲಿ ಪಾಠ ಹೇಳಿದರು, ಬದುಕಿನ ಕೊನೆಯವರೆಗೂ ತಮ್ಮ ನಂಬಿಕೆಯಲ್ಲಿ ಗಟ್ಟಿಯಾಗಿದ್ದರು. ಅವರ ನಿರ್ಧಾರ ಅವರದೇ. ಆದರೆ ಆ ತಾಯಿಯ, ಆ ಹೆಂಡತಿಯ ಸಂಕಟವೂ ಈ ಕಥೆಯೊಳಗಿನದೇ. ಬಲ್ಮಠದ ಅಂಗಳದಲ್ಲಿ ನಿಂತಾಗ ನನಗೆ ಎರಡೂ ಒಟ್ಟಿಗೆ ನೆನಪಾಗುತ್ತವೆ, ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಮನಸ್ಸು ಬರುವುದಿಲ್ಲ.

ಸಂಜೆ ಜೆಪ್ಪು ಕಡೆ ಒಂದು ಸುತ್ತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ಹೆಂಚಿನ ಕಾರ್ಖಾನೆ ಹಾಕಿದ ಜಾಗ ಅದು. ಮಂಗಳೂರು ಹೆಂಚಿನ ಕಥೆ ಅಲ್ಲಿಂದ ಶುರು. ಆದರೆ ಆ ಹೊತ್ತಿಗೆ ಮೊಗ್ಲಿಂಗ್ ದೇಶ ಬಿಟ್ಟಾಗಿತ್ತು.

ಶುಕ್ರವಾರ, ಸಂಪಾಜೆ ದಾರಿ

ಬೆಳಗಿನ ಬಸ್ಸು. ಬಿ.ಸಿ. ರೋಡ್, ಪುತ್ತೂರು, ಸುಳ್ಯ, ಆಮೇಲೆ ಸಂಪಾಜೆ ಘಾಟಿ. 1837ರ ದಂಡು ಇಳಿದು ಬಂದದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಗೆಳೆಯ ನಿದ್ದೆ ಹೋದ. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ರಬ್ಬರ್, ಅಡಿಕೆ, ಮತ್ತೆ ಕಾಡು. ಸಂಪಾಜೆ ದಾಟಿದ ಮೇಲೆ ಗಾಳಿಯೇ ಬೇರೆ.

ಮಡಿಕೇರಿಯಲ್ಲಿ ಕೋಟೆ ನೋಡಿದೆವು. ಒಳಗಿರುವ ಇಂಗ್ಲಿಷರ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯ. ವೀರಗಲ್ಲುಗಳು, ಜಿನಮೂರ್ತಿಗಳು, ಬಂದೂಕುಗಳು ಇವೆ. 1834ರಲ್ಲಿ ಕಂಪನಿಯವರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು.

ಮೊಗ್ಲಿಂಗ್ ಇಲ್ಲಿಗೆ ಬಂದದ್ದು 1853ರಲ್ಲಿ. ಕಾರಣ ಸೋಮಯ್ಯ ಎಂಬ ಒಬ್ಬ ಕೊಡವ. ಅವರು ಮಂಗಳೂರಿಗೆ ಬಂದು ದೀಕ್ಷಾಸ್ನಾನ ತೆಗೆದುಕೊಂಡಿದ್ದರು. ಊರಿಗೆ ಹೋದರೆ ಮನೆತನದವರು, ಊರಿನವರು ಹೊರಗಿಟ್ಟಾರು. ಆ ಮನುಷ್ಯನನ್ನು ಒಬ್ಬನೇ ಕಳಿಸಲು ಮೊಗ್ಲಿಂಗರಿಗೆ ಮನಸ್ಸಾಗಲಿಲ್ಲ, ಜೊತೆಗೆ ಹೊರಟರು. ಅಷ್ಟು ವರ್ಷ ಕಟ್ಟಿದ ಬಲ್ಮಠ, ಅಚ್ಚುಕೂಟ, ಕಾವ್ಯಗಳು ಎಲ್ಲವನ್ನೂ ಬಿಟ್ಟು ಒಬ್ಬ ಮನುಷ್ಯನ ಹಿಂದೆ ಬೆಟ್ಟ ಹತ್ತಿದರು! ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದು. ಲೆಕ್ಕ ಹಾಕುವವರಿಗೆ ಇದು ನಷ್ಟವಾಗಿ ಕಾಣುತ್ತದೆ. ಕನ್ನಡದ ಲೆಕ್ಕದಲ್ಲಿ ನೋಡಿದರೆ ನನಗೂ ನಷ್ಟವೇ, ಇನ್ನೂ ಎಷ್ಟು ಕೃತಿಗಳು ಬರಬಹುದಿತ್ತು. ಆದರೂ ಕೈಬಿಡದೆ ಜೊತೆಗೆ ನಡೆದದ್ದನ್ನು ತಪ್ಪು ಅನ್ನಲಾರೆ.

ಕೊಡಗಿನ ನೆಲ, ಜನ, ಇತಿಹಾಸದ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ವೈಗ್ಲೆ ತೀರಿಕೊಂಡರು. ಹೆಂಡತಿ ಪೌಲಿನ್ ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಉಳಿದರು. ಮುಂದೆ ಮೊಗ್ಲಿಂಗ್ ಅವರನ್ನು ಮದುವೆಯಾದರು. ಇಪ್ಪತ್ತೈದಕ್ಕೆ ಒಂಟಿಯಾಗಿ ಬಂದವರಿಗೆ ನಲವತ್ತು ದಾಟಿದ ಮೇಲೆ ಮನೆ ಅಂತ ಆದದ್ದು ಹೀಗೆ.

ಶನಿವಾರ, ಆನಂದಪುರ

ಮಡಿಕೇರಿಯಿಂದ ಸಿದ್ದಾಪುರಕ್ಕೆ ಬಸ್ಸಿದೆ. ಅಲ್ಲಿಂದ ಅಮ್ಮತ್ತಿ ಕಡೆಗೆ ಆಟೋ ಹಿಡಿದೆವು. ಇಬ್ಬದಿಯೂ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಕರಿಮೆಣಸು. ಆನಂದಪುರದ ಚರ್ಚು ದೊಡ್ಡದಲ್ಲ. ಅಂಗಳ ಗುಡಿಸುತ್ತಿದ್ದ ಅಜ್ಜ ಒಬ್ಬರು, "ಎಲ್ಲಿಂದ ಬಂದ್ರಿ?" ಅಂತ ಕೇಳಿ ಬಾಗಿಲು ತೆರೆದರು.

"ಅಜ್ಜ, ಮೊಗ್ಲಿಂಗ್ ಪಾದ್ರಿ ಇದ್ದ ಜಾಗ ಇದೇ ತಾನೆ?"

"ಇದೇ. ಆಗ ಇದೆಲ್ಲ ಬರೀ ಕಾಡು ಅಂತ ನಮ್ಮ ಹಿರಿಯರು ಹೇಳ್ತಿದ್ರು. ಈಗಲೂ ಕತ್ತಲಾದ ಮೇಲೆ ಆನೆ ಬರ್ತದೆ, ನೀವು ಐದು ಗಂಟೆಯೊಳಗೆ ಹೊರಡಿ."

ಈ ಊರು ಹುಟ್ಟಿದ್ದು ಹೊಲೆಯ ಸಮುದಾಯದ ಕೂಲಿಯವರಿಗಾಗಿ. ಕೊಡಗಿನಲ್ಲಿ ಅವರು ತಲೆತಲಾಂತರದಿಂದ ಜಮೀನಿನ ಜೊತೆಗೇ ಒಡೆಯರ ಕೈಗೆ ಸೇರುತ್ತಿದ್ದ ಜೀತದಾಳುಗಳು. ಕಂಪನಿಯ ಸೀಮೆಯಲ್ಲಿ ಗುಲಾಮಗಿರಿಗೆ ಕಾನೂನಿನ ಬಲ ತೆಗೆದದ್ದು 1843ರ ಕಾಯ್ದೆ. ಮಂಗಳೂರು ಸಮಾಚಾರ ಹುಟ್ಟಿದ ವರ್ಷವೇ. ಆದರೆ ಕಾಗದದ ಮೇಲಿನ ಬಿಡುಗಡೆ ಗದ್ದೆಗೆ ಇಳಿಯಲಿಲ್ಲ. ನಿಲ್ಲಲು ನೆಲವಿಲ್ಲದವನು ಒಡೆಯನನ್ನು ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಮೊಗ್ಲಿಂಗರ ಬಳಿಗೆ ಬಂದವರಲ್ಲಿ ಇಂಥವರು ಹೆಚ್ಚಾದಾಗ ಅವರಿಗೆ ಇದು ಅರ್ಥವಾಯಿತು. ಕಾಡು ನೆಲ ಪಡೆದು, ಕಡಿಸಿ, ಮನೆ ಕಟ್ಟಿಸಿ, ಕಾಫಿ ಹಾಕಿಸಿದರು. ಮಲಸಮುದ್ರದಲ್ಲಿ ಕೈಗೂಡದ ಕನಸು ಇಲ್ಲಿ ಬೇರೆ ರೂಪದಲ್ಲಿ ಬಂತು. ತೋಟದ ಖರ್ಚು ಸಾಲವಾಗಿ ಅವರ ತಲೆಯ ಮೇಲೇ ಕೂತಿತು. ಕಾಫಿ ಗಿಡ ನೆಟ್ಟ ವರ್ಷವೇ ಫಸಲು ಕೊಡುವುದಿಲ್ಲವಲ್ಲ, ಮೂರ್ನಾಲ್ಕು ವರ್ಷ ಕೈಯಿಂದ ಹಾಕುತ್ತಲೇ ಇರಬೇಕು.

1860ರಲ್ಲಿ ಅವರು ಜರ್ಮನಿಗೆ ಮರಳಿದರು. ಹೆಂಡತಿಯ ಆರೋಗ್ಯ ಕೆಟ್ಟಿತ್ತು. ಮತ್ತೆ ಈ ಕಡೆ ಬರಲಾಗಲಿಲ್ಲ. 1881ರಲ್ಲಿ ಎಸ್ಲಿಂಗನ್ ಊರಿನಲ್ಲಿ ತೀರಿಕೊಂಡರು. ಅವರ ಜೀವನಚರಿತ್ರೆ ಬರೆದವರು ಟ್ಯೂಬಿಂಗನ್ ಕಾಲದ ಗೆಳೆಯ ಹರ್ಮನ್ ಗುಂಡರ್ಟ್, ಮಲಯಾಳಂಗೆ ನಿಘಂಟು ಕೊಟ್ಟವರು. ಇಬ್ಬರು ಗೆಳೆಯರಲ್ಲಿ ಒಬ್ಬರು ಮಲಯಾಳಕ್ಕೆ, ಒಬ್ಬರು ಕನ್ನಡಕ್ಕೆ ಅಂತ ಬಂದುಬಿಟ್ಟರು ನೋಡಿ.

ಚರ್ಚಿನೊಳಗೆ ನಾಲ್ಕೈದು ಹುಡುಗಿಯರು ನಾಳೆಯ ಆರಾಧನೆಗೆ ಹಾಡು ಅಭ್ಯಾಸ ಮಾಡುತ್ತಿದ್ದರು. ಬಾಸೆಲ್ ಮಿಶನ್ ಕಾಲದ ಕೀರ್ತನೆ. ರಾಗ ಜರ್ಮನಿಯದು, ಮಾತು ಕನ್ನಡ. ಮೊಗ್ಲಿಂಗ್, ವೈಗ್ಲೆ ಇಬ್ಬರೂ ಇಂಥ ಕೀರ್ತನೆಗಳನ್ನು ಕನ್ನಡದಲ್ಲಿ ಬರೆದಿದ್ದಾರೆ. ಕೀಬೋರ್ಡ್ ನುಡಿಸುತ್ತಿದ್ದ ಹುಡುಗಿ ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳಂತೆ. ಪತ್ರಿಕಾ ದಿನಕ್ಕೆ ಕಾಲೇಜಿನಲ್ಲಿ ಮೊಗ್ಲಿಂಗ್ ಬಗ್ಗೆ ಅವಳೇ ಮಾತಾಡಿದ್ದಳಂತೆ. "ಎಲ್ಲರೂ ಪತ್ರಿಕೆಯ ಬಗ್ಗೆ ಮಾತ್ರ ಕೇಳ್ತಾರೆ ಅಣ್ಣ, ನಮ್ಮ ಊರಿನ ಬಗ್ಗೆ ಯಾರೂ ಕೇಳಲ್ಲ" ಅಂದಳು. ಇದನ್ನು ಬರೆಯುತ್ತೇನೆ ಅಂತ ಅವಳಿಗೆ ಹೇಳಿ ಬಂದಿದ್ದೇನೆ.

ಆನೆಯ ಭಯಕ್ಕೆ ಅಜ್ಜ ಹೇಳಿದ ಹೊತ್ತಿಗಿಂತ ಮೊದಲೇ ಹೊರಟೆವು. ಗೆಳೆಯ ಆಟೋದಲ್ಲೇ ಮುಂದಿನ ಪ್ರವಾಸದ ಪಟ್ಟಿ ಹಾಕಲು ಶುರು ಮಾಡಿದ. ಮಳೆಗಾಲ ಕಳೆದ ಮೇಲೆ ಹುಬ್ಬಳ್ಳಿ, ಧಾರವಾಡ, ಅಲ್ಲಿಂದ ಗದಗ, ಮಲಸಮುದ್ರ. ಧಾರವಾಡದಲ್ಲಿ, ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಹೆಸರಿನ ಕಾಲೇಜೂ ಇದೆ. ಕಿಟೆಲ್ 1853ರಲ್ಲಿ ಈ ನಾಡಿಗೆ ಬಂದಾಗ ಅವರಿಗೂ ವಯಸ್ಸು ಬರೀ 21.